ಸಮುದ್ರ ದಾಟಿದ ದನಿ, ಪಡಸಾಲೆ ದಾಟದ ದನಿ

ಜಮಖಂಡಿ ತಾಲೂಕಿನ ಸಾವಳಗಿಯಲ್ಲಿರುವ ನಮ್ಮ ದೊಡ್ಡವ್ವ ರಾತ್ರಿ ಎಂಟರ ಸುಮಾರಿಗೆ ರೊಟ್ಟಿಬುಟ್ಟಿ ಮುಚ್ಚಿಟ್ಟು, ಮೊಬೈಲು ಹಿಡಿದು ಪಡಸಾಲೆಯ ಹೊಸ್ತಿಲ ಬಳಿ ಕೂಡುತ್ತಾಳೆ. ಆ ಹೊತ್ತಿಗೆ ಅಮೆರಿಕದ ಡಲ್ಲಾಸಿನಲ್ಲಿ ಬೆಳಗು. ಮೊಮ್ಮಗ ಆಫೀಸಿಗೆ ಹೊರಡುವ ಮುಂಚೆ ವಾಟ್ಸಾಪ್ ಕಾಲ್ ಹಚ್ಚುತ್ತಾನೆ. "ಆರಾಮ ಅದೀಯೇನ್ ಯಪ್ಪಾ? ನಾಷ್ಟಾ ಆತೇನ?" ಎಂದು ಶುರುವಾದ ಮಾತು ಸಲೀಸಾಗಿ ಸಾಗುತ್ತದೆ. ಒಲೆಯ ಮೇಲಿನ ಹಾಲು ನೆನಪಾಗಿ ಎದ್ದು ಅಡುಗೆಮನೆಗೆ ಹೋದಳೋ, ದನಿ ತುಂಡು ತುಂಡು. ಹೋದ ಸಲ ಊರಿಗೆ ಹೋದಾಗ ನನ್ನನ್ನು ಹಿಡಿದು ಕೇಳಿದಳು: "ಏಳು ಸಮುದ್ರ ದಾಟಿ ಬಂದ ದನಿ ನಮ್ಮ ಪಡಸಾಲಿ ದಾಟಿ ಅಡಗಿಮನಿಗಿ ಬರೂದಿಲ್ಲಲ್ಲ ತಮ್ಮಾ, ಯಾಕ?"

ಇಂಟರ್ನೆಟ್ ಕರೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಅವಳಿಗೆ ಹೇಳಿದ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಸಮುದ್ರ ದಾಟುವುದು ದನಿಯಲ್ಲ, ಅಂಕಿಗಳು. ಮೊಬೈಲಿನ ಮೈಕು ಗಾಳಿಯ ಅಲುಗಾಟವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತದೆ. ಹಳೆಯ ಟೆಲಿಫೋನ್ ಜಾಲದ ಲೆಕ್ಕದಲ್ಲಿ ಅದು ಸೆಕೆಂಡಿಗೆ 8,000 ಸಲ, ಒಂದೊಂದು ಅಳತೆಗೆ 8 ಬಿಟ್. ಅಂದರೆ ಒಂದು ಸೆಕೆಂಡಿನ ಮಾತಿಗೆ 64,000 ಬಿಟ್. ಹಳ್ಳಿಯ ದುರ್ಬಲ ಸಿಗ್ನಲ್ಲಿಗೆ ಇದು ದೊಡ್ಡ ಹೊರೆ. ಈ ಹೊರೆಯನ್ನು ಇಳಿಸಿದ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ಕಾನ್ಪುರದಲ್ಲಿ ಹುಟ್ಟಿದ ಬಿಷ್ಣು ಅಟಲ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, 1957ರಿಂದ 1960ರವರೆಗೆ ಅಲ್ಲಿಯೇ ಧ್ವನಿವಿಜ್ಞಾನ ಕಲಿಸಿದವರು. ಆಮೇಲೆ ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿ, ಮಾತನ್ನು ಪೂರ್ತಿ ಕಳಿಸುವ ಬದಲು ಮಾತು ಹುಟ್ಟುವ ಬಗೆಯನ್ನಷ್ಟೇ ಕಳಿಸಿದರೆ ಸಾಕೆಂಬ ದಾರಿಯಲ್ಲಿ ದಶಕಗಟ್ಟಲೆ ದುಡಿದರು.

ಇದು ತಿಳಿಯಬೇಕಾದರೆ ಸನಾದಿಯನ್ನು ನೆನೆಯಬೇಕು. ಸನಾದಿ ಅಪ್ಪಣ್ಣನ ಊರು ಬೀಳಗಿ ನಮ್ಮ ಜಿಲ್ಲೆಯದೇ. ತುಟಿಯ ನಡುವಿನ ಪೀಪಿ ನಡುಗಿ ಬರೀ ಗುಂಯ್ ಎನ್ನುತ್ತದೆ. ಕೊಳವೆ ಮತ್ತು ಬೆರಳು ಅದಕ್ಕೆ ರೂಪ ಕೊಡುತ್ತವೆ. ನಮ್ಮ ಗಂಟಲೂ ಹಾಗೆಯೇ. ಧ್ವನಿತಂತುಗಳು ಪೀಪಿ, ಗಂಟಲು, ನಾಲಿಗೆ, ತುಟಿಗಳು ಕೊಳವೆ ಮತ್ತು ಬೆರಳು. ನಾಲಿಗೆ ಎಷ್ಟೇ ಚುರುಕಾದರೂ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಬಹಳ ದೂರ ಸರಿಯಲಾರದು. ಹಾಗಾಗಿ ಈಗಷ್ಟೇ ಬಂದ ದನಿಯನ್ನು ನೋಡಿ ಮುಂದಿನದನ್ನು ಬಹುಮಟ್ಟಿಗೆ ಊಹಿಸಬಹುದು. ಊಹೆ ತಪ್ಪಿದಷ್ಟನ್ನು ಮಾತ್ರ ತಿದ್ದಿ ಕಳಿಸಿದರೆ ಆಯಿತು. 1985ರಲ್ಲಿ ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಈ ತತ್ವಕ್ಕೆ ಕೊಟ್ಟ ರೂಪ ಮುಂದೆ ಮೊಬೈಲ್ ಮಾತಿನ ಬುನಾದಿಯಾಯಿತು. ಇಂಟರ್ನೆಟ್ ಕರೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಓಪಸ್ ಎಂಬ ಸಂಕೇತಕ್ರಮ 2012ರಲ್ಲಿ ಬಂದದ್ದು. ಮಾತನ್ನು ಅಡಕ ಮಾಡುವ ಅದರ ಭಾಗವೂ ಇದೇ ಊಹೆಯ ಮೇಲೆ ನಿಂತಿದೆ. 64,000 ಬಿಟ್ ಬೇಡುತ್ತಿದ್ದ ಸೆಕೆಂಡಿಗೆ ಈಗ ಇಪ್ಪತ್ತು ಸಾವಿರದ ಆಸುಪಾಸು ಸಾಕು. ಡಲ್ಲಾಸಿನಿಂದ ಸಾವಳಗಿಗೆ ಬರುವುದು ಮೊಮ್ಮಗನ ದನಿಯಲ್ಲ, ಅವನ ಗಂಟಲಿನ ವರ್ಣನೆ. ಅದನ್ನು ಓದಿ ದೊಡ್ಡವ್ವನ ಮೊಬೈಲು ಅವನ ದನಿಯನ್ನು ಹೊಸದಾಗಿ ಕಟ್ಟುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ವರ್ಣನೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಹೊರಡುತ್ತದೆ, ಸೆಕೆಂಡಿಗೆ 50. ಪ್ರತಿ ತುಂಡಿನ ಮೇಲೂ ವಿಳಾಸ, ಕ್ರಮಸಂಖ್ಯೆ. ಹಳೆಯ ಟ್ರಂಕ್ ಕಾಲಿನಲ್ಲಿ ಇಬ್ಬರ ನಡುವೆ ಒಂದು ಹಾದಿಯನ್ನೇ ಕಾದಿರಿಸುತ್ತಿದ್ದರು. ಇಲ್ಲಿ ಕಾದಿರಿಸಿದ ಹಾದಿ ಇಲ್ಲ. ಫೋಟೊ ಕಳಿಸುವಾಗ ಒಂದು ತುಂಡು ಕಳೆದರೆ ಮತ್ತೆ ಬೇಡಿ ತರಿಸಿಕೊಳ್ಳುವ ಏರ್ಪಾಡಿದೆ. ಮಾತಿಗೆ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಮರಳಿ ತರಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ತಡವಾದ ತುಂಡೂ ಒಂದೇ, ಕಳೆದ ತುಂಡೂ ಒಂದೇ. ಹೀಗೆ ತುಂಡು ಮಾಡಿದ ಮಾತು ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಕಂಪ್ಯೂಟರ್ ಜಾಲದ ಮೇಲೆ ಮೊದಲು ಹೋದದ್ದು 1974ರಲ್ಲಿ, ಡ್ಯಾನಿ ಕೊಹೆನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ.

ಇನ್ನು ದೊಡ್ಡವ್ವನ ಏಳು ಸಮುದ್ರ. ಅವುಗಳ ತಳದಲ್ಲಿ ಗಾಜಿನ ಎಳೆಗಳ ಕೇಬಲ್ ಹಾಸಿದೆ. ಅಂಥ ಹಲವು ಕೇಬಲ್‌ಗಳು ಮುಂಬಯಿ ಮತ್ತು ಚೆನ್ನೈಗಳಲ್ಲಿ ದಡ ಹತ್ತುತ್ತವೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಓಡುತ್ತದೆ. ಸುತ್ತುಬಳಸಿನ ದಾರಿ 16,000 ಕಿಲೊಮೀಟರ್ ಎಂದಿಟ್ಟುಕೊಂಡರೂ ಬೆಳಕಿಗೆ ಬೇಕಾದದ್ದು 80 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ನಮ್ಮ ಕೂಗು ಹೋಗುವುದು 27 ಮೀಟರ್. ಅಂದರೆ ಸಮುದ್ರಗಳೆಲ್ಲ ಸೇರಿ ಮಾಡುವ ತಡ, ಓಣಿಯಲ್ಲಿ ನಾಲ್ಕಾರು ಮನೆ ಆಚೆಗಿರುವವರನ್ನು ಕೂಗಿ ಕರೆದಾಗ ಆಗುವಷ್ಟು! ನಡುವಿನ ಯಂತ್ರಗಳು ಇನ್ನೊಂದಿಷ್ಟು ಕೂಡಿಸುತ್ತವೆ. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತುಕತೆಗೆ ತೊಡಕಿಲ್ಲ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆಗೋಲು. 1971ರಲ್ಲಿ ಪುಣೆಯ ಹತ್ತಿರದ ಆರ್ವಿಯಲ್ಲಿ ಉಪಗ್ರಹ ಕೇಂದ್ರ ಶುರುವಾದ ಮೇಲೆ ಎಷ್ಟೋ ವಿದೇಶಿ ಕರೆಗಳು ಸುಮಾರು 36,000 ಕಿಲೊಮೀಟರ್ ಮೇಲೇರಿ ಮತ್ತೆ ಅಷ್ಟೇ ಇಳಿಯಬೇಕಿತ್ತು. ಮಾತು ಹೋಗುವುದಕ್ಕೆ ಕಾಲು ಸೆಕೆಂಡು, ಉತ್ತರ ಬರುವುದಕ್ಕೆ ಕಾಲು ಸೆಕೆಂಡು. ಇಬ್ಬರೂ ಒಮ್ಮೆಲೇ ಮಾತಾಡಿ, ಇಬ್ಬರೂ ಒಮ್ಮೆಲೇ ಸುಮ್ಮನಾಗುತ್ತಿದ್ದ ಆ ಕರೆಗಳು ಹಿರಿಯರಿಗೆ ನೆನಪಿರಬಹುದು.

ಹಾಗಾದರೆ ತೊಂದರೆ ಎಲ್ಲಿ? ಹೊಸ್ತಿಲಿಂದ ಒಲೆಯವರೆಗಿನ ಹದಿನೈದು ಹೆಜ್ಜೆಗಳಲ್ಲಿ. ದೊಡ್ಡವ್ವನದು ಹಳೆಯ ಮೇಲ್ಮುದ್ದೆ ಮನೆ. ಒಂದೂವರೆ ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ಬಿಸಿಲನ್ನು ಹೊರಗಿಡುವ ಆ ಗೋಡೆಯೇ ಟವರಿನ ರೇಡಿಯೊ ಅಲೆಗಳನ್ನೂ ಬಹುಪಾಲು ನುಂಗಿಬಿಡುತ್ತದೆ. ಹಿತ್ತಲಿನ ಪತ್ರಾಸ್ ಶೆಡ್ಡು ಇನ್ನೂ ಕಷ್ಟ, ತಗಡು ಅಲೆಯನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ. ಊರಾಚೆ ತೋಟದ ಮನೆಗಳಲ್ಲಿ ಇರುವವರಿಗೆ ಆಳೆತ್ತರ ಮೀರಿ ಬೆಳೆದು ನಿಂತ ಕಬ್ಬೂ ಅಡ್ಡವೇ, ಅದರಲ್ಲೂ ಮಳೆಯಾದ ಮರುಗಳಿಗೆ. ಹಸಿ ಎಲೆ ಅಲೆಯ ಬಲವನ್ನು ಕುಗ್ಗಿಸುತ್ತದೆ. ಇನ್ನೊಂದು ಸಂಗತಿ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಮಾತಾಡಿದರೆ ನಮ್ಮ 4ಜಿ ಮೊಬೈಲಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್. ಹೀಗಾಗಿಯೇ ಎಷ್ಟೋ ಸಲ ಮೊಮ್ಮಗನ ದನಿ ಇಲ್ಲಿ ಸ್ಪಷ್ಟ ಕೇಳುತ್ತಿರುತ್ತದೆ, ಇವಳ ದನಿ ಮಾತ್ರ ಅಲ್ಲಿಗೆ ಮುಟ್ಟುವುದಿಲ್ಲ. "ಹಲೋ, ಹಲೋ" ಎಂದು ಇವಳು ಜೋರಾಗಿ ಕೂಗುತ್ತಾಳೆ. ಕೂಗಿದರೆ ಅಲೆಗೆ ಬಲ ಬರುವುದಿಲ್ಲ. ಎದ್ದು ಹೊಸ್ತಿಲಿಗೆ ಬಂದರೆ, ಇಲ್ಲವೇ ಮಾಳಿಗೆ ಹತ್ತಿದರೆ ಬರುತ್ತದೆ.

ಸಿಗ್ನಲ್ ಕುಂದಿದಾಗ ತುಂಡುಗಳು ಕಳೆಯುವುದಷ್ಟೇ ಅಲ್ಲ, ಅಂಕುಡೊಂಕಾಗಿ ಬರುತ್ತವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಮೀರವಾಡಿಯಂಥ ಸಕ್ಕರೆ ಕಾರ್ಖಾನೆಯ ಮುಂದೆ ನಿಂತವರಿಗೆ ಇದನ್ನು ವಿವರಿಸುವುದೇ ಬೇಡ. ಟ್ರ್ಯಾಕ್ಟರುಗಳು ಒಮ್ಮೆ ಇಪ್ಪತ್ತು ಕೂಡಿ ಬರುತ್ತವೆ, ಒಮ್ಮೆ ಒಂದೂ ಇಲ್ಲ. ಒಳಗಿನ ಗಾಣ ಮಾತ್ರ ಒಂದೇ ಸಮ ತಿರುಗಬೇಕು. ಅದಕ್ಕೇ ಅಂಗಳದಲ್ಲಿ ಒಂದಿಷ್ಟು ಕಬ್ಬು ಸದಾ ಕಾದು ನಿಂತಿರುತ್ತದೆ. ಮೊಬೈಲಿನೊಳಗೂ ಅಂಥದೊಂದು ಅಂಗಳವಿದೆ. ಬಂದ ತುಂಡುಗಳನ್ನು ಅದು ಹತ್ತಾರು ಮಿಲಿಸೆಕೆಂಡು ನಿಲ್ಲಿಸಿ, ಕ್ರಮಸಂಖ್ಯೆಯಂತೆ ಜೋಡಿಸಿ, ಒಂದೇ ಲಯದಲ್ಲಿ ನುಡಿಸುತ್ತದೆ. ಅಂಗಳ ಚಿಕ್ಕದಾದರೆ ಗಾಣ ಬರಿದು ತಿರುಗುತ್ತದೆ, ದೊಡ್ಡದಾದರೆ ಕಬ್ಬು ಒಣಗುತ್ತದೆ, ಮಾತು ತಡವಾಗುತ್ತದೆ. ಸಿಗ್ನಲ್ಲಿನ ಚಂಚಲತೆ ನೋಡಿ ಮೊಬೈಲು ಈ ಅಂಗಳವನ್ನು ಕ್ಷಣಕ್ಷಣಕ್ಕೂ ಹಿಗ್ಗಿಸಿ ಕುಗ್ಗಿಸುತ್ತಿರುತ್ತದೆ. "ಒಮ್ಮೊಮ್ಮೆ ನಿಂತು ನಿಂತು, ಆಮ್ಯಾಲ ಗಡಬಡಿಸಿ ಮಾತಾಡತಾನ" ಎಂದು ದೊಡ್ಡವ್ವ ಹೇಳುವುದು ಇದನ್ನೇ. ಅವನು ಗಡಬಡಿಸುವುದಿಲ್ಲ, ಕೂಡಿ ಬಿದ್ದ ತುಂಡುಗಳನ್ನು ಮೊಬೈಲು ಬೇಗ ಬೇಗ ನುಡಿಸಿ ತಡವನ್ನು ತುಂಬಿಕೊಳ್ಳುತ್ತದೆ.

ಬರಲೇ ಇಲ್ಲದ ತುಂಡಿಗೆ? ಬನಹಟ್ಟಿಯ ನೇಕಾರ ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬಲ್ಲ. ಮಾತನ್ನು ನಿಲ್ಲಿಸುವಂತಿಲ್ಲ. ಹಾಗಾಗಿ ಹಿಂದಿನ ತುಂಡಿನ ದನಿಯನ್ನೇ ಸ್ವಲ್ಪ ಎಳೆದು, ಮೆಲ್ಲಗೆ ಆರಿಸುತ್ತಾ ಮೊಬೈಲು ತೂತು ಮುಚ್ಚುತ್ತದೆ. ಒಂದೆರಡು ಎಳೆಯಾದರೆ ಕಿವಿಗೆ ತಿಳಿಯುವುದೇ ಇಲ್ಲ. ಸಾಲಾಗಿ ಹತ್ತು ಹರಿದರೆ ದನಿ ತಗಡು ಬಡಿದಂತಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ ವಿಡಿಯೊ ನಿಲ್ಲಿಸುವುದು. ಮುಖ ತೋರಿಸಲು ಬೇಕಾಗುವ ಹಾದಿ ದನಿಯದಕ್ಕಿಂತ ಹತ್ತಿಪ್ಪತ್ತು ಪಟ್ಟು ಅಗಲ.

ಹಿಂದೆ ವಿದೇಶಕ್ಕೆ ಮಾತಾಡಬೇಕಾದರೆ ಜಮಖಂಡಿಯ ಎಸ್‌ಟಿಡಿ ಬೂತಿನಲ್ಲಿ ಕೆಂಪು ಅಂಕಿಗಳು ಏರುವುದನ್ನೇ ನೋಡುತ್ತಾ, ನಿಮಿಷಕ್ಕೆ ಹತ್ತಾರು ರೂಪಾಯಿ ತೆತ್ತು, ಅಳು ಬಂದರೂ ನುಂಗಿ ಕೆಳಗಿಡಬೇಕಿತ್ತು. ಭಾರತದಲ್ಲಿ ಇಂಟರ್ನೆಟ್ ಕರೆಗೆ ಅನುಮತಿ ಸಿಕ್ಕದ್ದು 2002ರ ಏಪ್ರಿಲಿನಲ್ಲಿ. 2003ರಲ್ಲಿ ಸ್ಕೈಪ್ ಬಂತು, 2015ರಲ್ಲಿ ವಾಟ್ಸಾಪಿಗೆ ಕರೆ ಸೇರಿತು. 2025ರ ಮೇ ತಿಂಗಳಲ್ಲಿ ಸ್ಕೈಪ್ ಮುಚ್ಚಿಯೂ ಹೋಯಿತು. ಎಲ್ಲ ದೇಶಗಳಲ್ಲೂ ಹಾದಿ ಮುಕ್ತವಾಗಿಲ್ಲ. ಸೌದಿ ಅರೇಬಿಯ 2017ರಲ್ಲಿ ತಡೆ ತೆಗೆದರೂ, ದುಬೈಯಲ್ಲಿ ದುಡಿಯುವವರು ಅಲ್ಲಿ ಪರವಾನಗಿ ಪಡೆದ ಆ್ಯಪನ್ನೇ ಹುಡುಕಬೇಕಾಗಿದೆ. ಮನೆ ಬಿಟ್ಟು ದುಡಿಯಲು ಹೋದವನಿಗೆ ತಾಯಿಯ ಜೊತೆ ಮಾತಾಡಲು ಇಷ್ಟೆಲ್ಲ ಅಡ್ಡಿ ಇರಬಾರದು ಎಂದೇ ನನ್ನ ಅನಿಸಿಕೆ.

ದೊಡ್ಡವ್ವನಿಗೆ ಹೇಳಿದ ಇನ್ನೊಂದು ಮಾತಿಗೆ ಅವಳು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಎಷ್ಟೋ ಕರೆಗಳಲ್ಲಿ ಮೊಮ್ಮಗ ಸುಮ್ಮನಿದ್ದಾಗ ಕಿವಿಗೆ ಕೇಳುವ ಸಣ್ಣ ಸುಂಯ್ ಸದ್ದು ಡಲ್ಲಾಸಿನದಲ್ಲ. ಮೌನದ ತುಂಡುಗಳನ್ನು ಕಳಿಸದೆ ಹೊರೆ ಉಳಿಸುತ್ತಾರೆ. ಕರೆ ಕಡಿಯಿತೆಂದು ಕೇಳುವವರು ಗಾಬರಿಯಾಗದಿರಲಿ ಎಂದು ಮೊಬೈಲು ತಾನೇ ಆ ಸದ್ದನ್ನು ಹುಟ್ಟಿಸುತ್ತದೆ. ಇತ್ತ ಮಾತಾಡುವವರ ಮೊಬೈಲು, ಮಾತಲ್ಲದ ಒಂದೇ ಸಮನಾದ ಸಪ್ಪಳವನ್ನು ಗದ್ದಲವೆಂದು ತಿಳಿದು ಅಳಿಸಿಯೂ ಹಾಕುತ್ತದೆ. ಫ್ಯಾನು, ಪಂಪು, ಮಗ್ಗ, ಮಳೆ, ಅದಕ್ಕೆ ಎಲ್ಲವೂ ಒಂದೇ.

ನಾನಿದ್ದ ದಿನವೇ ಮಿರಗದ ಮಳೆ ಬಂತು, ಹಿತ್ತಲಿನ ಪತ್ರಾಸಿನ ಮೇಲೆ. ಕರೆಯಲ್ಲಿದ್ದ ಮೊಮ್ಮಗ "ಮಳಿ ಸಪ್ಪಳಾ ಕೇಳಸ ಆಯಿ, ಭಾಳ ದಿನಾ ಆತು" ಎಂದ. ದೊಡ್ಡವ್ವ ಮೊಬೈಲನ್ನು ಬಾಗಿಲಾಚೆ ಚಾಚಿ ಹಿಡಿದಳು. "ಏನೂ ಕೇಳವಲ್ದು" ಎಂದ ಅವನು. ಇನ್ನಷ್ಟು ಚಾಚಿದಳು, ಸೆರಗು ತೊಯ್ದಿತು. ಅವನಿಗೆ ಕೇಳಲಿಲ್ಲ. ಕಡೆಗೆ ಮೊಬೈಲನ್ನು ಬಾಯಿಯ ಹತ್ತಿರ ತಂದುಕೊಂಡು, "ಧೋ ಅಂತ ಹೊಡ್ಯಾಕತ್ತೈತಿ ನೋಡ ಯಪ್ಪಾ, ಧೋ... ಧೋ..." ಎಂದಳು. ಅದು ಮುಟ್ಟಿತು.