ಪಹಣಿ ಪರದೆಗೆ ಬಂದ ದಾರಿ

ಕಂಪ್ಯೂಟರಿನಲ್ಲಿ ಜಮೀನಿನ ಪಹಣಿ ಬೇಕೆಂದರೆ ಮೊದಲು ಜಿಲ್ಲೆ ಆರಿಸಬೇಕು. ದಾವಣಗೆರೆ ಎಂದು ಆರಿಸಿದ ಕೂಡಲೇ ಮುಂದಿನ ಪೆಟ್ಟಿಗೆಗೆ ತಾಲ್ಲೂಕುಗಳ ಪಟ್ಟಿ ಬರುತ್ತದೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇತ್ಯಾದಿ. ತಾಲ್ಲೂಕಾದ ಮೇಲೆ ಹೋಬಳಿ, ಹೋಬಳಿಯಾದ ಮೇಲೆ ಗ್ರಾಮ, ಆಮೇಲೆ ಸರ್ವೆ ನಂಬರು, ಅದರ ಉಪವಿಭಾಗಗಳಾದ ಸರ್ನಾಕ್, ಹಿಸ್ಸಾ. ಚನ್ನಗಿರಿಯ ಅಡಿಕೆ ತೋಟವಿರಲಿ, ಹೊನ್ನಾಳಿಯ ಗದ್ದೆಯಿರಲಿ, ಜಗಳೂರಿನ ಮೆಕ್ಕೆಜೋಳದ ಹೊಲವಿರಲಿ, ದಾಖಲೆ ಸಿಗುವುದು ಈ ದಾರಿಯಲ್ಲೇ. ಪರದೆಯ ಮೇಲಿನ ಈ ಪೆಟ್ಟಿಗೆಗಳು ಹೇಗೆ ಹುಟ್ಟಿದವು, ನಮ್ಮ ತಾಲ್ಲೂಕು ಕಚೇರಿಗಳಿಗೆ ಹೇಗೆ ಬಂದವು ಎಂಬುದು ತಿಳಿಯಬೇಕಾದ ಕಥೆ.

ಗುಂಡಿಯೂ ಒಂದು ಕಿಟಕಿ

ಕಂಪ್ಯೂಟರ್ ಪರದೆಯಲ್ಲಿ ಒಂದರ ಮೇಲೊಂದು ಹರಡಿಕೊಳ್ಳುವ ಕಿಟಕಿಗಳ ಕಲ್ಪನೆ 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡಿತು. 1985ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೊದಲ ವಿಂಡೋಸ್ ಬಂತು. ಅದರ ಒಳಗಟ್ಟಿನಲ್ಲಿ ಒಂದು ಗಟ್ಟಿ ವಿಚಾರವಿತ್ತು. ಫಾರ್ಮ್ ಎನ್ನುವ ದೊಡ್ಡ ಚೌಕಟ್ಟಷ್ಟೇ ಅಲ್ಲ, ಅದರೊಳಗಿನ ಗುಂಡಿ, ಅಕ್ಷರ ತುಂಬುವ ಪೆಟ್ಟಿಗೆ, ಪಟ್ಟಿ ಎಲ್ಲವೂ ಒಂದೊಂದು ಕಿಟಕಿಯೇ. ಊರಿನ ಪ್ರತಿ ಮನೆಗೂ ಖಾತೆ ನಂಬರಿರುವಂತೆ ಪ್ರತಿ ಕಿಟಕಿಗೂ ಒಂದು ಗುರುತು ಸಂಖ್ಯೆ; ಪ್ರೋಗ್ರಾಮರುಗಳು ಅದನ್ನು ಹ್ಯಾಂಡಲ್ ಎನ್ನುತ್ತಾರೆ. ಆ ಸಂಖ್ಯೆ ಗೊತ್ತಿದ್ದರೆ ಪೆಟ್ಟಿಗೆಯನ್ನು ಸರಿಸಬಹುದು, ಮರೆಮಾಡಬಹುದು, ಅದರೊಳಗಿನ ಪಠ್ಯ ಓದಬಹುದು, ಮಸುಕು ಮಾಡಿ ಯಾರೂ ಒತ್ತದಂತೆ ತಡೆಯಬಹುದು.

ತಾಲ್ಲೂಕು ಆರಿಸುವ ಕಾಂಬೊ ಪೆಟ್ಟಿಗೆಯನ್ನೇ ನೋಡಿ. ಕಣ್ಣಿಗೆ ಒಂದೇ ವಸ್ತು. ಬರೆಯಲೂ ಆರಿಸಲೂ ಬರುವ ಬಗೆಯ ಕಾಂಬೊ ಆದರೆ ಒಳಗೆ ಮೂರು ಕಿಟಕಿಗಳಿರುತ್ತವೆ: ಹೊರಕವಚ, ಅಕ್ಷರ ಬೀಳುವ ಜಾಗ, ಕೆಳಗಿಳಿಯುವ ಪಟ್ಟಿ. ಪಟ್ಟಿಯ ಕಿಟಕಿಯನ್ನು ಫಾರ್ಮ್‌ಗೆ ಕಟ್ಟಿಹಾಕದೆ ಇಡೀ ಪರದೆಗೆ ಸೇರಿಸಿರುತ್ತಾರೆ. ಹಾಗಾಗಿಯೇ ಅದು ಫಾರ್ಮ್‌ನ ಅಂಚು ದಾಟಿಯೂ ಉದ್ದಕ್ಕೆ ಇಳಿಯಬಲ್ಲದು. ತಾಲ್ಲೂಕು ಬದಲಿಸಿದಾಗ ಆಯ್ಕೆ ಬದಲಾಯಿತೆಂಬ ಸಂದೇಶ ಪ್ರೋಗ್ರಾಮಿಗೆ ಹೋಗುತ್ತದೆ. ಅದು ಹೋಬಳಿ ಪಟ್ಟಿಯನ್ನು ಬರಿದು ಮಾಡಿ ಹೊಸದಾಗಿ ತುಂಬುತ್ತದೆ.

ಮೊದಮೊದಲು ಇದನ್ನೆಲ್ಲ ಸಿ ಭಾಷೆಯಲ್ಲಿ ಸಾಲುಗಟ್ಟಲೆ ಬರೆಯಬೇಕಿತ್ತು. ಅಲನ್ ಕೂಪರ್ ಎಂಬ ಪ್ರೋಗ್ರಾಮರ್ 1988ರಲ್ಲಿ ಬಿಲ್ ಗೇಟ್ಸ್‌ಗೆ ತೋರಿಸಿದ ಸಾಧನವೊಂದು ಮುಂದೆ ಬೇಸಿಕ್ ಭಾಷೆಯೊಂದಿಗೆ ಬೆರೆತು 1991ರಲ್ಲಿ ವಿಷುಯಲ್ ಬೇಸಿಕ್ ಆಯಿತು. ಗುಂಡಿಯನ್ನು ಮೌಸ್‌ನಿಂದ ಎಳೆದು ಫಾರ್ಮ್ ಮೇಲೆ ಇಟ್ಟರೆ ಮುಗಿಯಿತು. 1998ರಲ್ಲಿ ಅದರ ಆರನೇ ಆವೃತ್ತಿ ಬರುವ ಹೊತ್ತಿಗೆ ಕಚೇರಿ ತಂತ್ರಾಂಶ ಕಟ್ಟುವವರಿಗೆ ಅದು ಕೈಗೆ ಹತ್ತಿದ ಹತಾರವಾಗಿತ್ತು.

ಕೈಬರಹದಿಂದ ಭೂಮಿಗೆ

ಅದೇ ಕಾಲಕ್ಕೆ ಕರ್ನಾಟಕದ ಪಹಣಿಗಳು ಸುಮಾರು 9 ಸಾವಿರ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಒಂದು ಪಹಣಿ ಪ್ರತಿಗೆ ದಿನಗಟ್ಟಲೆ ಅಲೆದಾಟ, ಕೈಬಿಸಿ ಬೇರೆ. ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಜ್ಞರು ಕಟ್ಟಿದ 'ಭೂಮಿ' ತಂತ್ರಾಂಶ ಆ ಪುಸ್ತಕಗಳನ್ನು ಪರದೆಗೆ ತಂದಿತು. ಮುಂದೆ ಕಾಣುವ ಫಾರ್ಮ್‌ಗಳು ವಿಷುಯಲ್ ಬೇಸಿಕ್‌ನಲ್ಲಿ, ಹಿಂದಿನ ದತ್ತಾಂಶ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ. ಆಗಿನ 177 ತಾಲ್ಲೂಕುಗಳ, 67 ಲಕ್ಷ ರೈತರ, ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿದವು. ಪಹಣಿ 15 ರೂಪಾಯಿಗೆ ಕೈಗೆ ಬಂತು.

ಬರಹದ ತೊಡಕು ಬೇರೆಯೇ ಇತ್ತು. ಎಲ್ಲ ಭಾಷೆಗಳ ಲಿಪಿಗೂ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯ ಬರಹ ತೋರಿಸಲು ವಿಷುಯಲ್ ಬೇಸಿಕ್‌ನ ಪೆಟ್ಟಿಗೆಗಳಿಗೆ ಬರುತ್ತಿರಲಿಲ್ಲ. ಆಗ ಬಳಕೆಯಲ್ಲಿದ್ದ ಕನ್ನಡ ಫಾಂಟುಗಳು ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದವು. ನುಡಿ ಫಾಂಟಿನಲ್ಲಿ 'ಜಗಳೂರು' ಎಂಬ ನಾಲ್ಕು ಅಕ್ಷರದ ಹೆಸರಿಗೆ ಒಂಬತ್ತು ತುಂಡುಗಳು ಬೇಕು. ತಲೆಕಟ್ಟೂ ಬೇರೆ ತುಂಡು. ಫಾಂಟು ತಪ್ಪಿದರೆ ಪೆಟ್ಟಿಗೆಯಲ್ಲಿ ಅರ್ಥವಾಗದ ರೋಮನ್ ಅಕ್ಷರಗಳು. ಹಾಗಾಗಿ ಪ್ರತಿ ಪೆಟ್ಟಿಗೆಗೂ, ಪ್ರತಿ ಪಟ್ಟಿಗೂ ಕನ್ನಡ ಫಾಂಟು ಹೊಂದಿಸಬೇಕಿತ್ತು. ಕಿಟಕಿಯ ತಲೆಬರಹಕ್ಕೆ ಫಾಂಟು ಕೊಡುವುದು ವಿಂಡೋಸ್‌ನ ಕೈಯಲ್ಲಿದ್ದುದರಿಂದ ಅಲ್ಲಿ ಕನ್ನಡ ಕೂರಿಸುವುದು ಕಷ್ಟವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂದು, ಯುನಿಕೋಡ್ ನಿಧಾನವಾಗಿ ನೆಲೆಯೂರಿತು. ಯುನಿಕೋಡ್‌ನಲ್ಲಿ ಅದೇ 'ಜಗಳೂರು' ಆರು ಸಂಕೇತಗಳಲ್ಲಿ ಮುಗಿಯುತ್ತದೆ, ಹುಡುಕಿದರೆ ಸಿಗುತ್ತದೆ.

ರೈತನತ್ತ ತಿರುಗಿದ ಪರದೆ

ತಾಲ್ಲೂಕು ಕಚೇರಿಗಳಲ್ಲಿ ತೆರೆದ ಭೂಮಿ ಕೇಂದ್ರಗಳ ಬಹುದೊಡ್ಡ ಗುಣ ತಂತ್ರಾಂಶದ ಹೊರಗಿತ್ತು. ಆಪರೇಟರ್ ಮುಂದಿನ ಪರದೆಯ ಜೊತೆಗೆ ಇನ್ನೊಂದು ಪರದೆಯನ್ನು ಕೌಂಟರಿನಾಚೆ ನಿಂತ ರೈತನತ್ತ ತಿರುಗಿಸಿಟ್ಟರು. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಸರಿಯಾಗಿದೆಯೇ, 11ನೇ ಕಾಲಂನಲ್ಲಿ ಯಾವ ಸಾಲದ ಋಣ ಉಳಿದಿದೆ ಎಂಬುದನ್ನು ರೈತ ತಾನೇ ನೋಡುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕೆಂದು ತಂತ್ರಾಂಶವೇ ನಿಯಮ ಹಾಕಿತು. ಕೆಲಸಕ್ಕೆ ಕೂರುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಯಾವ ಗುಂಡಿ ಯಾರಿಗೆ ತೆರೆದಿರಬೇಕು, ಯಾರಿಗೆ ಮಸುಕಾಗಿರಬೇಕು ಎಂಬ ತೀರ್ಮಾನದಲ್ಲಿ ಆಡಳಿತದ ನ್ಯಾಯವೇ ಅಡಗಿದೆ.

ಆಡಳಿತ ಬದಲಾದಂತೆ ಪಟ್ಟಿಗಳೂ ಬದಲಾಗುತ್ತವೆ. ಚನ್ನಗಿರಿ, ಹೊನ್ನಾಳಿ ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ದಾವಣಗೆರೆ ಜಿಲ್ಲೆಯಾಯಿತು. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿಯನ್ನು 2017ರ ಬಜೆಟ್‌ನಲ್ಲಿ ತಾಲ್ಲೂಕೆಂದು ಘೋಷಿಸಲಾಯಿತು. ಪರದೆಯಲ್ಲಿ ಇದು ಒಂದು ಸಾಲು ಹೆಚ್ಚಾದಂತೆ ಕಂಡರೂ, ಆ ಸಾಲಿನ ಕೆಳಗೆ ಹೋಬಳಿ, ಗ್ರಾಮ, ಸರ್ವೆ ನಂಬರುಗಳೆಲ್ಲ ತಪ್ಪಿಲ್ಲದೆ ಸೇರಿಕೊಳ್ಳಬೇಕು. ಒಂದು ಗ್ರಾಮ ಪಟ್ಟಿಯಿಂದ ಬಿಟ್ಟುಹೋದರೆ ಆ ಊರಿನ ರೈತ ತನ್ನ ಹೊಲವನ್ನು ಪರದೆಯಲ್ಲಿ ಕಾಣಲಾರ.

ಈಗ ಪಹಣಿ ಮೊಬೈಲಿಗೇ ಬರುತ್ತದೆ, ಎರಡನೇ ಪರದೆ ರೈತನ ಕೈಯಲ್ಲೇ ಇದೆ. ಫಾರ್ಮ್ ಕಟ್ಟುವ ನಮ್ಮ ಎಂಜಿನಿಯರುಗಳು ಅದನ್ನು ಬೆಂಗಳೂರಿನ ಮೇಜಿನ ಮೇಲೆ ನೋಡಿ ಒಪ್ಪಿಬಿಡಬಾರದು. ಜಗಳೂರಿನ ಹಳ್ಳಿಯ ರೈತರೊಬ್ಬರ ಕೈಗೆ ಕೊಟ್ಟು, ಕನ್ನಡದಲ್ಲಿ ತುಂಬಿಸಿ, ಹೆಸರು ಪೂರ್ತಿ ಹಿಡಿಯುತ್ತದೆಯೇ, ಮಸುಕಾದ ಗುಂಡಿ ಏಕೆ ಮಸುಕಾಗಿದೆ ಎಂಬುದು ತಿಳಿಯುತ್ತದೆಯೇ ಎಂದು ಪರೀಕ್ಷಿಸಲಿ. ಓದುಗರೇ, ನೀವೂ ಪಹಣಿ ತೆಗೆಸಿದಾಗ ಮಡಚಿ ಜೇಬಿಗೆ ಹಾಕಿಕೊಳ್ಳುವ ಮುನ್ನ 9 ಮತ್ತು 11ನೇ ಕಾಲಂಗಳನ್ನು ಓದಿ. ತಪ್ಪಿದ್ದರೆ ಅಂದೇ ತಿದ್ದುಪಡಿಗೆ ಅರ್ಜಿ ಕೊಡಿ.