ಸಂಚಿಯವಳು, ಹಡಪದವನು

ನಮ್ಮ ಹಿರಿಯ ಹೆಂಗಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಯಡಿಕೆಯ ಚೀಲಕ್ಕೆ ಸಂಚಿಯೆಂದು ಹೆಸರಿರುವುದನ್ನು ವಾಚಕರು ಬಲ್ಲರು. ಆ ಮಾತು ಒಂದಾನೊಂದು ಕಾಲದಲ್ಲಿ ಅರಮನೆಯ ಒಂದು ಊಳಿಗವನ್ನೂ ಸೂಚಿಸುತ್ತಿದ್ದಿತೆಂಬುದು ಮಾತ್ರ ಈಗ ಬಹುಮಟ್ಟಿಗೆ ಮರೆತುಹೋಗಿದೆ.

ಕೃಷ್ಣದೇವರಾಯನಿಗೆ ಇದಿರಾಗಿ ನಿಂತ ಗಂಗರಾಜನ ಉಮ್ಮತ್ತೂರಿಗೆ ಯಳಂದೂರು ದೂರವಲ್ಲ. ಆ ಯಳಂದೂರಿನ ಪಾಳೆಯಗಾರರ ಮನೆಯ ಹೆಣ್ಣುಮಗಳಾದ ದೇವಾಜಮ್ಮಣ್ಣಿಯು ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ರಾಣಿಯಾಗಿ ಮೈಸೂರಿಗೆ ಬಂದಳು. ಆಕೆಯ ಬಳಿಯಲ್ಲಿ ಎಲೆಯಡಿಕೆಯ ಚೀಲವನ್ನು ಹಿಡಿದು ನಿಂತವಳೇ ಹೊನ್ನಮ್ಮ. “ಹದಿಬದೆಯ ಧರ್ಮ”ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದವಳು.

ತೆಲುಗಿನಲ್ಲಿ ಯಾವ ಚೀಲವಾದರೂ ಸಂಚಿಯೇ. ಕನ್ನಡದಲ್ಲಿ ಅದು ಎಲೆಯಡಿಕೆಗೇ ಮೀಸಲಾಯಿತು. ಇದಕ್ಕಿಂತ ಹಳೆಯ ಮಾತು ಹಡಪ. ಇದರ ಪೂರ್ವರೂಪ ಅಡಪ. ತಮಿಳಿನಲ್ಲಿ ಇದೇ ವಸ್ತುವಿಗೆ ಅಡೈಪ್ಪೈ ಎನ್ನುವರು. ಅಡೈ ಎಂದರೆ ವೀಳೆಯದೆಲೆ, ಪೈ ಎಂದರೆ ಚೀಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಹಡಪವನ್ನು ಹಿಡಿದವನು ಅಪ್ಪಣ್ಣ. ಆತನೂ ವಚನಕಾರ, ಆತನ ಮಡದಿ ಲಿಂಗಮ್ಮನೂ ವಚನಕಾರ್ತಿ. ಆಕೆಯ ಅಂಕಿತವು “ಅಪ್ಪಣ್ಣಪ್ರಿಯ ಚೆನ್ನಬಸವಣ್ಣ” ಎಂದು. ಊಳಿಗದವನೊಬ್ಬನ ಹೆಸರು ಹೀಗೆ ಅಂಕಿತದಲ್ಲಿಯೇ ಸೇರಿಹೋಯಿತು!

ಚೀಲ ಹಿಡಿಯುವುದು ಅಷ್ಟು ಹಿರಿದೇ ಎಂದು ಕೇಳಬಹುದು. ಎಲೆಯನ್ನು ಒರೆಸಿ, ತೊಟ್ಟು ತುದಿಗಳನ್ನು ಚಿವುಟಿ, ಸುಣ್ಣವನ್ನು ಹದವರಿತು ಹಚ್ಚಿ, ಅಡಿಕೆಯನ್ನಿಟ್ಟು ಮಡಿಸಿಕೊಟ್ಟುದು ನೇರವಾಗಿ ಒಡೆಯನ ಬಾಯಿಗೆ ಹೋಗುತ್ತಿದ್ದಿತು. ಕೈ ಕೆಟ್ಟರೆ ಪ್ರಾಣಕ್ಕೇ ಸಂಚಕಾರ. ಅದೂ ಅಲ್ಲದೆ, ಒಂದು ಕಾರ್ಯವನ್ನು ಒಪ್ಪಿಸುವಾಗ ವೀಳ್ಯವನ್ನು ಕೊಡುವುದು ಆಸ್ಥಾನದ ಪದ್ಧತಿ. ಆದ್ದರಿಂದ ಆಲೋಚನೆ ನಡೆಯುವೆಡೆಯಲ್ಲಿ ಹಡಪದವನು ಇದ್ದೇ ಇರಬೇಕು. ಮಂತ್ರಿಯನ್ನು ಹೊರಗೆ ಕಾಯಿಸಬಹುದಾಗಿತ್ತು, ಇವನನ್ನು ಕಾಯಿಸುವಂತಿರಲಿಲ್ಲ.

ಕಾಲಕ್ರಮದಲ್ಲಿ ಹಡಪವು ಕ್ಷೌರದ ಸಾಮಗ್ರಿಗಳ ಚೀಲಕ್ಕೂ ಹೆಸರಾಯಿತು. ಉತ್ತರದ ಸೀಮೆಯಲ್ಲಿ ಆ ಕಸುಬಿನವರು ತಮ್ಮನ್ನು ಹಡಪದವರೆಂದೇ ಕರೆದುಕೊಂಡು, ಅಪ್ಪಣ್ಣನನ್ನು ಪೂಜ್ಯನೆಂದು ಭಾವಿಸುತ್ತಾರೆ.

ಸಂಚಿಗೆ ಒದಗಿದ ಗತಿ ಬೇರೆ. “ಸಂಚಿಯ ಹೊನ್ನಮ್ಮ” ಎಂಬುದರಲ್ಲಿ ಯಕಾರವನ್ನು ಬಿಟ್ಟು “ಸಂಚಿ ಹೊನ್ನಮ್ಮ” ಎಂದು ಬರೆಯುವುದು ವಾಡಿಕೆಯಾಗಿ, ಓದುವ ಮಕ್ಕಳು ಅದನ್ನು ಮನೆತನದ ಹೆಸರೆಂದೇ ತಿಳಿಯುವಂತಾಗಿದೆ. ಅದು ಮನೆತನವಲ್ಲ, ಆಕೆ ಮಾಡುತ್ತಿದ್ದ ಕೆಲಸ. ಆ ಒಂದಕ್ಷರವನ್ನು ಉಳಿಸಿಕೊಂಡರೆ, ರಾಣಿಯ ಪಕ್ಕದಲ್ಲಿ ಚೀಲವನ್ನು ಹಿಡಿದು ನಿಂತ ಯಳಂದೂರಿನ ಹೆಂಗಸು ಮತ್ತೆ ಕಣ್ಣಿಗೆ ಕಾಣುತ್ತಾಳೆ.