ಮುಸುಕಿನ ನಿಲುವಂಗಿಗೆ ಬಟ್ಟೆ

ನಾಟಕವಾಡುವ ಹವ್ಯಾಸಿಗಳು ಉಡುಪಿನ ವಿಷಯದಲ್ಲಿ ಮೊದಲು ಬಣ್ಣವನ್ನೂ ಅನಂತರ ಬೆಲೆಯನ್ನೂ ಯೋಚಿಸುತ್ತಾರೆ. ಬಟ್ಟೆಯನ್ನು ಯೋಚಿಸುವವರು ವಿರಳ. ರಾಜನಿಗೆ ಕೆಂಪು, ಸಂನ್ಯಾಸಿಗೆ ಕಾವಿ, ಮಂತ್ರವಾದಿಗೆ ಕಪ್ಪು ಎಂದು ನಿಶ್ಚಯವಾದೊಡನೆಯೆ ಯಾರಾದರೊಬ್ಬರು ಅಂಗಡಿಗೆ ಹೋಗಿ, ಆ ಬಣ್ಣದಲ್ಲಿ ಅಗ್ಗವಾದುದನ್ನು ಕೊಂಡು ತರುತ್ತಾರೆ. ಅನೇಕ ಉಡುಪುಗಳಿಗೆ ಇದರಿಂದ ದೊಡ್ಡ ಹಾನಿಯೇನೂ ಆಗದು. ಆದರೆ ತಲೆಮುಸುಕುಳ್ಳ ನಿಲುವಂಗಿಯೊಂದನ್ನು ಹೊಲಿಸಬೇಕಾದಾಗ ಈ ಕ್ರಮ ನಡೆಯದು. ಅಂಗಿಯ ಆಕಾರವನ್ನು ದರ್ಜಿಯ ಕತ್ತರಿಯೂ ತೊಟ್ಟವನ ಮೈಯೂ ಕೂಡಿ ಕಾಪಾಡುತ್ತವೆ. ಮುಸುಕು ಹಾಗಲ್ಲ, ತಲೆಯ ಮೇಲೆ ನಿಲ್ಲುವುದೂ ಹೆಗಲ ಮೇಲೆ ಬೀಳುವುದೂ ಬಹುಮಟ್ಟಿಗೆ ಬಟ್ಟೆಯ ಗುಣದಿಂದಲೇ.

ಈ ಮಾತು ನಮ್ಮವರಿಗೆ ತಿಳಿಯದ್ದಲ್ಲ. ಎಳೆಯ ಮಕ್ಕಳ ತಲೆಗೂ ಬೆನ್ನಿಗೂ ಒಟ್ಟಿಗೆ ಹೊದಿಸುವ ಕುಂಚಿಗೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಹೊಲಿಯುತ್ತಾರೆ. ಮಲೆನಾಡಿನ ರೈತನು ಮಳೆಯಲ್ಲಿ ಗದ್ದೆಗೆ ಹೊರಡುವಾಗ ಕಂಬಳಿಯನ್ನು ಮಡಚಿ ಕೊಪ್ಪೆ ಹಾಕಿಕೊಳ್ಳುತ್ತಿದ್ದನು. ಅದಕ್ಕೆ ಹೊಲಿಗೆಯಿಲ್ಲ, ಗುಂಡಿಯಿಲ್ಲ. ಆದರೂ ಅದು ತಲೆಯ ಮೇಲೆ ಗೋಪುರದಂತೆ ನಿಲ್ಲುತ್ತದೆ. ಅದೇ ಕೊಪ್ಪೆಯನ್ನು ತೆಳುವಾದ ಪಂಚೆಯಿಂದ ಮಾಡಿ ನೋಡಿರಿ: ಕೆನ್ನೆಗೆ ಅಂಟಿ, ಕಣ್ಣಿನ ಮೇಲೆ ಜಾರಿ, ಎರಡು ಹೆಜ್ಜೆ ಇಡುವುದರೊಳಗೆ ಬಿದ್ದುಹೋಗುತ್ತದೆ. ಮಡಿಕೆ ಒಂದೇ ಆದರೂ ಬಟ್ಟೆ ಬೇರೆಯಾದುದರಿಂದ ಫಲವೂ ಬೇರೆಯಾಯಿತು.

ವಿಷಯ ಸ್ಪಷ್ಟವಾಗುವಂತೆ ಒಂದು ನಾಟಕವನ್ನೇ ಮುಂದಿಟ್ಟುಕೊಳ್ಳೋಣ. ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ಇಂಗ್ಲೆಂಡಿನ ಅರಮನೆಯಲ್ಲಿ 1604ರ ಡಿಸೆಂಬರ್ 26ರಂದು ಪ್ರದರ್ಶಿತವಾಯಿತು. ವಿಯೆನ್ನಾ ನಗರದ ಪ್ರಭುವು ರಾಜ್ಯಭಾರವನ್ನು ಇನ್ನೊಬ್ಬನಿಗೆ ಒಪ್ಪಿಸಿ, ತಾನು ಕ್ರೈಸ್ತ ಭಿಕ್ಷುವಿನ ವೇಷದಲ್ಲಿ ಊರೊಳಗೇ ಸುಳಿದಾಡುತ್ತ ನಡೆಯುವುದನ್ನೆಲ್ಲ ನೋಡುತ್ತಾನೆ. ಕೊನೆಯ ಅಂಕದಲ್ಲಿ ಅವನು ಪ್ರಭುವಾಗಿ ರಂಗದಿಂದ ಹೋಗಿ, ಕೆಲವೇ ಮಾತುಗಳು ಮುಗಿಯುವುದರೊಳಗೆ ಭಿಕ್ಷುವಾಗಿ ಹಿಂತಿರುಗಬೇಕು. ಆಗ ಲೂಸಿಯೋ ಎಂಬ ಬಾಯಿಬಡುಕನು ಭಿಕ್ಷುವಿನ ಮುಸುಕನ್ನು ಹಿಡಿದೆಳೆಯುತ್ತಾನೆ. ಒಳಗಿನಿಂದ ಪ್ರಭುವಿನ ಮುಖ ಹೊರಬೀಳುತ್ತದೆ. ನಾಟಕದ ಗಂಟು ಬಿಚ್ಚುವುದು ಆ ಒಂದು ಎಳೆತದಲ್ಲಿ. ಮುಸುಕು ಮೊದಲೇ ಜಾರಿದರೆ ಕಥೆ ಕೆಟ್ಟಿತು. ಎಳೆದಾಗ ಬಾರದೆ ಸಿಕ್ಕಿಕೊಂಡರೆ ಸಭೆಯೆಲ್ಲ ನಕ್ಕೀತು.

ಇಂಥ ನಿಲುವಂಗಿಯಿಂದ ಆಗಬೇಕಾದ ಕೆಲಸಗಳನ್ನು ಅಂಗಡಿಗೆ ಹೋಗುವ ಮೊದಲು ಕಾಗದದಲ್ಲಿ ಬರೆದುಕೊಳ್ಳುವುದು ಲೇಸು. ಒಂದು, ಮುಸುಕು ತಾನಾಗಿ ನಿಲ್ಲಬೇಕು, ಎಳೆದರೆ ಒಮ್ಮೆಗೇ ಬರಬೇಕು. ಎರಡು, ಅಂಗಿಯು ಇನ್ನೊಂದು ಉಡುಪಿನ ಮೇಲೆ ತಡೆಯಿಲ್ಲದೆ ಇಳಿಯಬೇಕು. ಮೂರು, ನೋಡಿದವರಿಗೆ ಅದು ಬಡವನ ಬಟ್ಟೆಯೆಂದು ತೋರಬೇಕು. ನಾಲ್ಕು, ತೊಟ್ಟವನು ದೀಪಗಳ ಕಾವಿನಲ್ಲಿ ಎರಡು ಗಂಟೆಗಳ ಕಾಲ ದಣಿಯದೆ ಮಾತಾಡುವಂತಿರಬೇಕು. ಪ್ರಭುವಿನದು ಷೇಕ್ಸ್‌ಪಿಯರನ ನಾಟಕಗಳ ದೀರ್ಘವಾದ ಪಾತ್ರಗಳಲ್ಲೊಂದು ಎಂಬುದನ್ನು ಮರೆಯಬಾರದು.

ಬಡವನ ಬಟ್ಟೆ ಎಂದೆನಷ್ಟೆ. ನಾಟಕದ ನಾಯಕಿ ಇಸಬೆಲ್ಲಳು ಸಂತ ಕ್ಲೇರಳ ಮಠವನ್ನು ಸೇರಲಿರುವ ಕನ್ಯೆ. ಅದು ಸಂತ ಫ್ರಾನ್ಸಿಸನ ಪರಂಪರೆಗೆ ಸೇರಿದ್ದು. ಆದುದರಿಂದ ಪ್ರಭುವಿಗೂ ಆ ಪಂಥದ ಭಿಕ್ಷುವೇಷವನ್ನೇ ಕೊಡುವುದು ಒಪ್ಪುತ್ತದೆ. ಈ ಭಿಕ್ಷುಗಳು 1224ರಲ್ಲಿ ಇಂಗ್ಲೆಂಡಿಗೆ ಬಂದರು. ಬೂದುಬಣ್ಣದ ಒರಟು ಉಣ್ಣೆಯನ್ನು ತೊಡುತ್ತಿದ್ದುದರಿಂದ ಅಲ್ಲಿನ ಜನ ಅವರನ್ನು ಬೂದು ಭಿಕ್ಷುಗಳೆಂದೇ ಕರೆದರು. ಇಂದು ಆ ಪಂಥದವರಲ್ಲಿ ಕಂದುಬಣ್ಣವೇ ಹೆಚ್ಚು. ಸೊಂಟಕ್ಕೆ ಚರ್ಮದ ಪಟ್ಟಿಯಿಲ್ಲ, ಹುರಿಯೊಂದೇ. ಅದರ ಮೂರು ಗಂಟುಗಳು ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳ ಗುರುತು. ಇಂಥ ವೇಷಕ್ಕೆ ಮಖಮಲ್ಲನ್ನೋ ಸ್ಯಾಟಿನ್ನನ್ನೋ ಕೊಂಡರೆ ಹಣವೂ ಹೋಯಿತು, ಅರ್ಥವೂ ಹೋಯಿತು.

ಇನ್ನು ಬಟ್ಟೆಗಳನ್ನು ಒಂದೊಂದಾಗಿ ನೋಡೋಣ. ಒರಟು ಉಣ್ಣೆ ಎಂದೊಡನೆ ಚಳ್ಳಕೆರೆಯ ಕಡೆಯ ಕರಿಯ ಕಂಬಳಿ ನೆನಪಾಗುವುದು ಸಹಜ. ನೋಟಕ್ಕೆ ಅದಕ್ಕಿಂತ ತಕ್ಕುದು ದೊರೆಯದು. ಆದರೆ ಕಂಬಳಿಯ ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚಿ ನೇಯುವುದರಿಂದ ಅದರಲ್ಲಿ ಬಿಗುಪು ಹೆಚ್ಚು. ಕೊಪ್ಪೆಗೆ ಆ ಬಿಗುಪು ಗುಣ, ತೋಳಿಗೆ ದೋಷ. ಕೈ ಎತ್ತಿದರೆ ಅಂಗಿಯೆಲ್ಲ ಎದ್ದೀತು; ಭಾರವೂ ಕಾವೂ ಕಡಿತವೂ ನಟನನ್ನು ಬೇಗ ದಣಿಸಿಯಾವು. ಇದಕ್ಕೆ ಎದುರಾದ ತುದಿಯಲ್ಲಿ ಅಂಗಿಗಳಿಗೆ ಬಳಸುವ ತೆಳುವಾದ ಹತ್ತಿಬಟ್ಟೆ ಇದೆ. ಅದಕ್ಕೆ ಎಂಥ ಬಣ್ಣ ಕಟ್ಟಿದರೂ ಹಿಂದಿನ ದೀಪ ಹತ್ತಿದೊಡನೆ ಕಾಲುಗಳ ನೆರಳು ಕಾಣುತ್ತದೆ. ನೆರಿಗೆಗಳು ಕೆಳಕ್ಕಿಳಿಯದೆ ಮೈಗೆ ಅಂಟುತ್ತವೆ.

ಪಾಲಿಯೆಸ್ಟರ್ ಬಟ್ಟೆ ಅಗ್ಗ, ಸುಕ್ಕಾಗದು, ಬೇಗ ಒಣಗುತ್ತದೆ. ಪ್ರವಾಸ ಮಾಡುವ ತಂಡಗಳಿಗೆ ಇವು ಸಣ್ಣ ಗುಣಗಳಲ್ಲ. ಆದರೆ ಬೆವರನ್ನು ಹೀರದು. ದೀಪದ ಕೆಳಗೆ ಅನೇಕ ವೇಳೆ ಮಿರುಗಿ ತನ್ನ ಜಾತಿಯನ್ನು ತಾನೇ ಹೇಳಿಬಿಡುತ್ತದೆ. ಕೋಟು ಷರಾಯಿಗಳಿಗೆ ನೇಯುವ ಉಣ್ಣೆ ಬೆರಕೆಯ ಬಟ್ಟೆ ಎಲ್ಲಕ್ಕಿಂತ ಚೆನ್ನಾಗಿ ಇಳಿಬೀಳುತ್ತದೆ. ಹಣವಿದ್ದವರು ಅದನ್ನು ಕೊಳ್ಳಬಹುದು. ಹಣ ಸಾಲದವರಿಗೆ ದಪ್ಪ ಖಾದಿ, ಇಲ್ಲವೆ ಪರದೆಗಳಿಗೆ ಬಳಸುವ ಕೇಸ್‌ಮೆಂಟ್ ಎಂಬ ದಪ್ಪ ಹತ್ತಿಬಟ್ಟೆ ಸಾಕು. ಎರಡು ಸಲ ಒಗೆದು ಗಂಜಿಯನ್ನು ಬಿಡಿಸಿದರೆ ಇವು ಮೆತ್ತಗಾಗಿ, ಹತ್ತು ಮಾರಿನ ದೂರದಿಂದ ಉಣ್ಣೆಯೆಂಬ ಭ್ರಾಂತಿಯನ್ನೇ ಹುಟ್ಟಿಸುತ್ತವೆ.

ತೂಕಕ್ಕೊಂದು ಅಳತೆ ಹೇಳಬಹುದು. ಒಂದು ಚದರ ಮೀಟರು ಅಂಗಿಬಟ್ಟೆ 100ರಿಂದ 150 ಗ್ರಾಮು ತೂಗುತ್ತದೆ. ನಿಲುವಂಗಿಗೆ 250ರಿಂದ 350 ಗ್ರಾಮು ತೂಗುವುದು ಬೇಕು. ಅದಕ್ಕಿಂತ ಹಗುರವಾದರೆ ಮುಸುಕು ನಿಲ್ಲದು, ಭಾರವಾದರೆ ನಟ ನಿಲ್ಲಲಾರ.

ಬಣ್ಣದ ವಿಷಯದಲ್ಲಿ ಎರಡು ಎಚ್ಚರಿಕೆ ಸಾಕು. ಅಚ್ಚ ಕಪ್ಪು ಬಟ್ಟೆ ಬೆಳಕನ್ನೆಲ್ಲ ನುಂಗುವುದರಿಂದ ನೆರಿಗೆಗಳು ಕಾಣದೆ, ಆಳಿದ್ದ ಸ್ಥಳದಲ್ಲಿ ಕತ್ತಲೆಯ ಮುದ್ದೆಯೊಂದು ನಿಂತಂತೆ ತೋರುತ್ತದೆ. ಕಂದುಬಣ್ಣವು ನೀಲಿಯ ಬೆಳಕಿನಲ್ಲಿ ಕಪ್ಪಿಗೆ ತಿರುಗುತ್ತದೆ. ರಾತ್ರಿಯ ದೃಶ್ಯಗಳುಳ್ಳ ನಾಟಕದಲ್ಲಿ ಇದನ್ನು ಗಮನಿಸಬೇಕು. ಹಾಸಿನಲ್ಲಿ ಒಂದು ಬಣ್ಣ, ಹೊಕ್ಕಿನಲ್ಲಿ ಇನ್ನೊಂದು ಬಣ್ಣದ ನೂಲಿರುವ ಬೂದು ಬಟ್ಟೆ ಸಿಕ್ಕಿದರೆ ಬಿಡಬೇಡಿರಿ. ಒಂದೇ ಬಣ್ಣದ ಬಟ್ಟೆಯಲ್ಲಿಲ್ಲದ ಜೀವ ಅದರಲ್ಲಿರುತ್ತದೆ.

ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ ಬೇರೆ ಊರಿನ ಪೇಟೆಯಲ್ಲಾಗಲಿ, ಅಂಗಡಿಯವರು ಬಟ್ಟೆಯನ್ನು ಮೇಜಿನ ಮೇಲೆ ಹರಡಿ ತೋರಿಸುತ್ತಾರೆ. ಹರಡಿದ ಬಟ್ಟೆಯು ಬಣ್ಣವನ್ನು ತೋರಿಸೀತು, ನಡತೆಯನ್ನು ತೋರಿಸದು. ಥಾನಿನಿಂದ ಎರಡು ಮೀಟರಿನಷ್ಟನ್ನು ಬಿಚ್ಚಿಸಿ, ಒಂದು ಅಂಚಿನ ನಡುವೆ ಹಿಡಿದು ಹೆಗಲೆತ್ತರಕ್ಕೆ ಎತ್ತಿರಿ. ನೆರಿಗೆಗಳು ನೇರವಾಗಿ ಸಾಲುಸಾಲಾಗಿ ಇಳಿದರೆ ಒಳ್ಳೆಯದು. ಹಲಗೆಯಂತೆ ಚಾಚಿಕೊಂಡರೂ ಹಗ್ಗದಂತೆ ಮುದುಡಿಕೊಂಡರೂ ಬೇಡ. ಜೊತೆಗಾರರೊಬ್ಬರು ಅದನ್ನು ಹಿಡಿದು ನಿಲ್ಲಲಿ, ತಾವು ಹತ್ತು ಹೆಜ್ಜೆ ಹಿಂದಕ್ಕೆ ಸರಿದು ನೋಡಿರಿ. ಪ್ರೇಕ್ಷಕನು ಕಾಣುವುದು ಅಷ್ಟು ದೂರದಿಂದಲೇ. ಬಾಗಿಲ ಬೆಳಕಿಗೆ ಹಿಡಿದು ಆಚೆಯದು ಕಾಣುವುದೇ ಎಂದು ಪರೀಕ್ಷಿಸಿರಿ. ಎರಡು ಬೆರಳುಗಳ ನಡುವೆ ಉಜ್ಜಿದಾಗ ಪುಡಿ ಉದುರಿದರೆ ಆ ಬಿಗುಪು ಗಂಜಿಯದೇ ಹೊರತು ನೂಲಿನದಲ್ಲ, ಒಗೆದೊಡನೆ ಹೋಗುತ್ತದೆ. ಕೊನೆಗೆ ಬಟ್ಟೆಯನ್ನು ಕಿವಿಯ ಬಳಿ ಅಲುಗಿಸಿ ಕೇಳಿರಿ. ಸರಸರವೆನ್ನುವ ಬಟ್ಟೆಯ ಮುಸುಕು ನಟನ ಕಿವಿಯ ಪಕ್ಕದಲ್ಲೇ ಇರುವುದರಿಂದ ಎದುರಾಳಿಯ ಮಾತು ಅವನಿಗೆ ಕೇಳಿಸದು. ಧ್ವನಿವರ್ಧಕವಿದ್ದರೆ ಆ ಸದ್ದು ಸಭೆಗೂ ಕೇಳಿಸೀತು.

ಎಷ್ಟು ಕೊಳ್ಳಬೇಕು? 5 ಅಡಿ 8 ಅಂಗುಲ ಎತ್ತರದ ನಟನಿಗೆ ಹೆಗಲಿನಿಂದ ಹರಡಿನವರೆಗೆ ಸುಮಾರು 145 ಸೆಂಟಿಮೀಟರು. ಹೊಲಿಗೆಗೂ ಅಂಚಿನ ಮಡಿಕೆಗೂ ಸೇರಿಸಿ 155 ಎಂದಿಟ್ಟುಕೊಳ್ಳಿ. ಬಟ್ಟೆಯ ಅಗಲ 150 ಸೆಂಟಿಮೀಟರಿದ್ದರೆ ಹಿಂದಕ್ಕೊಂದು ಮುಂದಕ್ಕೊಂದು ಉದ್ದ ಸೇರಿ 3.10 ಮೀಟರು, ಎರಡು ತೋಳುಗಳಿಗೆ 65 ಸೆಂಟಿಮೀಟರು, ಮುಸುಕಿಗೆ 45. ಒಟ್ಟು 4.20 ಆಯಿತು, ಕುಗ್ಗುವುದಕ್ಕೂ ಪಟ್ಟಿಗಳಿಗೂ ಸೇರಿಸಿ 4.75 ಮೀಟರು ಕೊಂಡರೆ ಸಾಕು. ಚದರ ಮೀಟರಿಗೆ 300 ಗ್ರಾಮಿನ ಬಟ್ಟೆಯಾದರೆ ಇಷ್ಟರ ತೂಕ ಎರಡು ಕಿಲೋಗ್ರಾಮಿಗೆ ಸ್ವಲ್ಪ ಮಿಗಿಲು. ಇದು ಹೊರಬಹುದಾದ ಭಾರ. ಅಗಲ 112 ಸೆಂಟಿಮೀಟರೇ ಇದ್ದರೆ ಘೇರಿಗಾಗಿ ಮೂರನೆಯ ಉದ್ದವೊಂದು ಬೇಕು. ತೋಳುಗಳನ್ನು ಒಂದೊಂದಾಗಿ ಕತ್ತರಿಸಬೇಕಾಗುತ್ತದೆ. ಆದರೆ ಪ್ರತಿ ತೋಳಿನ ಪಕ್ಕದಲ್ಲಿ ಉಳಿಯುವ ತುಂಡು ಮುಸುಕಿನ ಒಂದು ಹೋಳಿಗೆ ಸರಿಹೋಗುತ್ತದೆ. ಹೀಗೆ ಸುಮಾರು 6.25 ಮೀಟರು. ಬೇಕಾದುದೆಲ್ಲವನ್ನೂ ಒಂದೇ ಥಾನಿನಿಂದ ಒಂದೇ ದಿನ ಕೊಳ್ಳತಕ್ಕದ್ದು. ವಾರ ಕಳೆದು ಹೋದರೆ ಅದೇ ಹೆಸರಿನ ಬಟ್ಟೆ ದೊರೆತರೂ ಅದೇ ಬಣ್ಣ ದೊರೆಯುವುದೆಂಬ ಭರವಸೆಯಿಲ್ಲ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕೆಂಬುದನ್ನು ದರ್ಜಿಗೆ ನೆನಪು ಮಾಡಿರಿ.

ಅಸ್ತರಿನ ಹಣವನ್ನು ಉಳಿಸಬೇಡಿರಿ. ಆದರೆ ಮೈಗೂ ಮುಸುಕಿಗೂ ಒಂದೇ ಅಸ್ತರು ಸಲ್ಲದು. ಪ್ರಭುವಿನ ಉಡುಪಿನ ಮೇಲೆ ಅವಸರದಲ್ಲಿ ತೊಡಬೇಕಾದ ಅಂಗಿಯ ಮೈಗೂ ತೋಳಿಗೂ ನುಣುಪಾದ ಅಸ್ತರು ಬೇಕು. ಒರಟು ಬಟ್ಟೆ ಒರಟು ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಮುಸುಕಿಗೆ ನುಣುಪು ಅಸ್ತರನ್ನು ಹಾಕಿದರೆ ಅದು ಕೂದಲಿನ ಮೇಲಿಂದ ಜಾರುತ್ತಲೇ ಇರುತ್ತದೆ. ಅಲ್ಲಿಗೆ ಹಳೆಯ ಮೆತ್ತನೆಯ ಹತ್ತಿಬಟ್ಟೆಯೇ ಲೇಸು. ಮುಸುಕಿನ ಮುಂಚು ಹುಬ್ಬಿಗಿಂತ ಮುಂದಕ್ಕೆ ಬರಬಾರದು. ಮೇಲಿನ ದೀಪದಿಂದ ಬೀಳುವ ನೆರಳು ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಮುಖ ಮರೆಯಾಗಬೇಕಾದುದು ರಂಗದ ಮೇಲಿನ ಪಾತ್ರಗಳಿಗೆ, ಸಭೆಯವರಿಗಲ್ಲ.

ಇನ್ನೊಂದು ವಿಷಯವನ್ನು ಎಲ್ಲಕ್ಕಿಂತ ಗಂಭೀರವಾಗಿ ಹೇಳಬೇಕಾಗಿದೆ. ಭಿಕ್ಷುವಿನ ಕೈಗೆ ಮೋಂಬತ್ತಿಯನ್ನೋ ಪಂಜನ್ನೋ ಕೊಡುವ ಆಸೆ ನಿರ್ದೇಶಕರಿಗೆ ಆಗಾಗ ಹುಟ್ಟುತ್ತದೆ. 1862ರ ನವೆಂಬರಿನಲ್ಲಿ ಪ್ಯಾರಿಸಿನ ರಂಗದ ಮೇಲೆ ತಾಲೀಮು ನಡೆಯುತ್ತಿದ್ದಾಗ ಎಮ್ಮಾ ಲಿವ್ರಿ ಎಂಬ ನರ್ತಕಿಯ ತೆಳುವಾದ ಉಡುಪಿಗೆ ಗ್ಯಾಸ್ ದೀಪದಿಂದ ಬೆಂಕಿ ಹತ್ತಿತು. ಎಂಟು ತಿಂಗಳು ನರಳಿ, 1863ರ ಜುಲೈಯಲ್ಲಿ ಆಕೆ ತೀರಿಕೊಂಡಳು. ಬೆಂಕಿಯನ್ನು ತಡೆಯುವ ದ್ರಾವಣದಲ್ಲಿ ಅದ್ದಿದ ಉಡುಪುಗಳು ಆಗಲೇ ದೊರೆಯುತ್ತಿದ್ದುವು. ಅವು ಬಿರುಸಾಗಿ ಮಾಸಲಾಗಿ ಕಾಣುವುವೆಂದು ಆಕೆ ತೊಡಲು ಒಪ್ಪಿರಲಿಲ್ಲ. ಗೇ-ಲುಸಾಕ್ ಎಂಬ ರಸಾಯನ ವಿಜ್ಞಾನಿಯು ಬಿಳಿಗಾರವೇ ಮೊದಲಾದ ಲವಣಗಳ ಈ ಗುಣವನ್ನು 1821ರಲ್ಲಿಯೇ ತೋರಿಸಿಕೊಟ್ಟಿದ್ದನು. ಇಂಥ ಲವಣಗಳು ಒಗೆದರೆ ನೀರಿನೊಡನೆ ಹೋಗಿಬಿಡುತ್ತವೆ ಎಂಬುದೂ ತಿಳಿದಿರಬೇಕು.

ಕೊಳ್ಳುವ ಮೊದಲು ಒಂದು ಸಣ್ಣ ಚೂರನ್ನು ಕೇಳಿ ತಂದು, ನೀರಿನ ಬೋಗುಣಿಯ ಮೇಲೆ ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ ನೋಡಿರಿ. ಹತ್ತಿಯು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಉಣ್ಣೆ ನಿಧಾನವಾಗಿ ಸುಟ್ಟು, ಕೂದಲು ಸುಟ್ಟ ವಾಸನೆ ಬಿಟ್ಟು, ಉರಿಯಿಂದ ತೆಗೆದರೆ ಬಹುಮಟ್ಟಿಗೆ ತಾನೇ ಆರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಮೈಮೇಲೆ ಕರಗಿದರೆ ಚರ್ಮಕ್ಕೆ ಅಂಟುತ್ತದೆ. ಮೇಲ್ಮೈಯಲ್ಲಿ ಜುಂಗು ಎಬ್ಬಿಸಿದ ಹತ್ತಿಯ ಫ್ಲಾನೆಲ್ ನೋಡಲು ಉಣ್ಣೆಯಂತಿದ್ದರೂ ಆ ಜುಂಗಿನ ಮೇಲೆ ಉರಿ ಕ್ಷಣದಲ್ಲಿ ಹರಿಯುತ್ತದೆ. ನಿಲುವಂಗಿಯ ತೋಳು ಅಗಲ, ಅಂಚು ಉದ್ದ, ಮುಸುಕು ಕಣ್ಣಿನ ಪಕ್ಕಗಳನ್ನು ಮರೆಸುತ್ತದೆ. ಬೆಂಕಿ ತಗುಲಿದರೆ ತೊಟ್ಟವನಿಗೆ ಕೊನೆಗೆ ತಿಳಿದೀತು. ಆದುದರಿಂದ ಈ ಉಡುಪಿನವನ ಕೈಗೆ ವಿದ್ಯುದ್ದೀಪವನ್ನಲ್ಲದೆ ಉರಿಯುವ ದೀಪವನ್ನು ಕೊಡಲೇಬಾರದು.

ಪ್ರದರ್ಶನಕ್ಕೆ ಮೂರು ವಾರಗಳ ಮೊದಲೇ ಬಟ್ಟೆಯನ್ನು ಕೊಂಡರೆ ಹೊಲಿಗೆಗೆ ಒಂದು ವಾರ ಹೋದರೂ ತಾಲೀಮಿಗೆ ಎರಡು ವಾರ ಉಳಿಯುತ್ತದೆ. ಲೂಸಿಯೋ ಮುಸುಕನ್ನು ಎಳೆಯುವುದನ್ನು ದಿನಕ್ಕೆ ಹತ್ತು ಸಲವಾದರೂ ಅಭ್ಯಾಸ ಮಾಡಲಿ. ಹೊಸ ಬಟ್ಟೆಯ ಹಟ ಅಷ್ಟರಲ್ಲಿ ಅಡಗುತ್ತದೆ. ನಾಟಕ ಮುಗಿದ ಮೇಲೂ ಅಂಗಿಯನ್ನು ಮಡಚಿಡದೆ ತೂಗುಹಾಕಿರಿ. ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಲಾರೆನ್ಸನಿಗೂ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದ ಫ್ರಾನ್ಸಿಸನಿಗೂ ಇದೇ ಉಡುಪು ಸಲ್ಲುತ್ತದೆ. ಒಂದು ಸಲ ವಿವೇಕದಿಂದ ಕೊಂಡ ಆರು ಮೀಟರು ಬಟ್ಟೆಯು ಒಂದು ಸಂಘಕ್ಕೆ ಹತ್ತು ವರ್ಷ ದುಡಿಯಬಲ್ಲುದು.